ದೊಡ್ಡವ್ವ ಕುಂತ್ರೆ ಮಾತ್ರ ಓಡೋ ಕಾರು

ಮಾಗಿ ಚಳಿ ಬಂತು ಅಂದ್ರೆ ಕಾರುಗಳು ಕೆಮ್ಮೋದು, ಜನ ನನ್ನ ಹುಡಿಕ್ಕೊಂಡು ಬರೋದು, ಇವೆರಡೂ ಯಾವ ವರ್ಷನೂ ತಪ್ಪಿಲ್ಲ. ನಾನು ಓದಿದ್ದು ಎರಡನೇ ಕ್ಲಾಸು. ಆದ್ರೆ ಶಿಕಾರಿಪುರ, ಸೊರಬ ಎರಡೂ ತಾಲೂಕಿನಾಗೆ ಬಾನೆಟ್ ಎತ್ತದೇನೇ, ಬರೀ ಸದ್ದು ಕೇಳಿ ರೋಗ ಹೇಳೋ ಮೇಸ್ತ್ರಿ ಅಂದ್ರೆ ನಾನೊಬ್ನೇ. ನಯಾಪೈಸೆ ಹೊಸದಾಗಿ ಬಂದಿದ್ದ ಕಾಲದ ಮಾತು ಹೇಳ್ತೀನಿ, ಕೇಳ್ರಿ.

ಡಾಕ್ಟ್ರ ಕಾರು

ಸೊರಬದ ಡಾಕ್ಟ್ರೊಬ್ರ ಕಾರು ಬೆಳಿಗ್ಗೆ ಚಾಲೂ ಆಗೋದು, ಗಡಗಡ ನಡುಗೋದು, ಗೇಟು ದಾಟೋದ್ರಾಗೆ ನಿಂತೋಗೋದು. ನಾನು ಹೋದಾಗ ಅವ್ರು ಕಿವಿಗೆ ಹಾಕ್ಕೊಳ್ಳೋ ಕೊಳವೆನ ಇಂಜಿನ್ನಿಗೆ ಹಿಡಿದು ಕಣ್ಮುಚ್ಚಿ ನಿಂತಿದ್ರು.

"ಬಡಿತ ತಪ್ತಾ ಇದೆ ಮೇಸ್ತ್ರಿ."

"ಅದು ನಂಗೆ ರಸ್ತ್ಯಾಗೇ ಕೇಳ್ತು ಬಿಡ್ರಿ. ಚಳಿಗೆ ಪೆಟ್ರೋಲು ಸರಿಯಾಗಿ ಆವಿ ಆಗಲ್ಲ, ಇಂಜಿನ್ನಿಗೆ ಹಸಿವು. ಸ್ಟೇರಿಂಗ್ ಪಕ್ಕ ಈ ಗುಂಡಿ ಐತಲ್ಲ, ಚೋಕು, ಇದನ್ನ ಎಳದ್ರೆ ಗಾಳಿ ಕಮ್ಮಿಯಾಗಿ ಪೆಟ್ರೋಲು ಜಾಸ್ತಿ ಸಿಗ್ತತಿ. ಬಿಸಿ ಆದ್ಮೇಲೆ ಒಳಗೆ ತಳ್ರಿ. ಮರೆತ್ರೆ ಅಜೀರ್ಣ ಆಗಿ ಕಪ್ಪು ಹೊಗೆ ಕಾರ್ತತಿ, ಮತ್ತೆ ನಿಲ್ತತಿ."

ಡಾಕ್ಟ್ರು ಜೇಬಿಂದ ಚೀಟಿ ತಗದು ಬರ್ಕೊಂಡ್ರು. "ಊಟಕ್ಕೆ ಮುಂಚೆನೋ, ಆಮೇಲೋ?"

ವಕೀಲ್ರ ಕಂಬಳಿ

ನಮ್ಮೂರ ವಕೀಲ್ರು ಕಾರಿಗೆ ಚಳಿ ಆಗ್ತತಿ ಅಂತ ಇಂಜಿನ್ ಮೇಲೆ ಕಂಬಳಿ ಹೊದೆಸಿ ಮಲಗ್ತಿದ್ರು. ಒಂದಿನ ತೆಗೆಯೋದು ಮರ್ತು ಚಾಲೂ ಮಾಡಿದ್ರು. ಕಂಬಳಿ ಫ್ಯಾನಿಗೆ ಸುತ್ಕೊಂಡು ಇಂಜಿನ್ ಕಟ್ಟಿ ಹಾಕಿತ್ತು. ನಾನು ಅರ್ಧ ದಿನ ಕುಂತು ಎಳೆ ಎಳೆಯಾಗಿ ಬಿಡಿಸ್ದೆ.

"ಕಂಬಳಿ ತಪ್ಪು ಅಂತ ಹೇಳ್ಬೇಡ," ಅಂದ್ರು ವಕೀಲ್ರು. "ಅದು ತನ್ನ ಪಾಡಿಗೆ ಮಲಗಿತ್ತು. ಮೈಮೇಲೆ ಬಿದ್ದಿದ್ದು ಫ್ಯಾನು."

ಕಾಲ್ಗುಣ

ಜಡೆ ಅನ್ನೋ ಊರ ಕಡೆ ಗೌಡ್ರೊಬ್ರ ಕಾರಿಂದು ಬೇರೆನೇ ರೋಗ. ಅವ್ರ ತಾಯಿ, ಊರಿಗೆಲ್ಲ ದೊಡ್ಡವ್ವ, ಮುಂದಿನ ಸೀಟಿನಾಗೆ ಕುಂತ್ರೆ ಸೊರಬದವರೆಗೂ ಬೆಣ್ಣೆ ಹಂಗೆ ಓಡೋದು. ದೊಡ್ಡವ್ವ ಇಲ್ದಿದ್ರೆ ಊರ ಬಾಗ್ಲಾಗೇ ಗೊರಗೊರ ಅಂದು ನಿಲ್ಲೋದು. ಶಿವಮೊಗ್ಗದಿಂದ ಒಬ್ಬ ಮೇಸ್ತ್ರಿ ಬಂದು ಇಂಜಿನ್ನೆಲ್ಲ ಬಿಚ್ಚಿ ಜೋಡಿಸಿ ಹೋಗಿದ್ದ. ರೋಗ ಹಂಗೇ ಇತ್ತು, ಮೂರು ನಟ್ಟು ಮಾತ್ರ ಮಿಕ್ಕಿದ್ವು.

"ನಮ್ಮವ್ವನ ಕಾಲ್ಗುಣ ಕಣೋ," ಅಂದ್ರು ಗೌಡ್ರು.

ನಂಗೆ ರೇಗಿತು. "ಕಾರಿಗೆ ಕಾಲ್ಗುಣ ಗೊತ್ತಾಗ್ತತೇನ್ರಿ? ನಾಳೆ ಬೆಳಿಗ್ಗೆ ದೊಡ್ಡವ್ವ ಇಲ್ದೇನೇ ಊರ ಬಾಗ್ಲು ದಾಟಿಸ್ತೀನಿ. ಇಲ್ಲಾಂದ್ರೆ ಈ ಮೀಸೆ ಬೋಳಿಸ್ಕೊಂತೀನಿ!"

ನನ್ನ ಮೀಸೆ ಅಂದ್ರೆ ಸುಮ್ನೆ ಅಲ್ರಿ, ಎರಡೂ ಕಡೆ ನಿಂಬೆಹಣ್ಣು ನಿಲ್ತಿದ್ವು.

ಸಂಚಿ

ಇಂಜಿನ್ ಇನ್ನೂ ತಣ್ಣಗಿತ್ತು. ಆವಾಗ್ಲೇ ದೊಡ್ಡವ್ವನ್ನ ಮುಂದೆ ಕೂರಿಸಿ ನಾನು ಹಿಂದೆ ಕುಂತೆ. ಗೌಡ್ರ ಡ್ರೈವರ್ರು ಚೋಕು ಎಳೆದು ಚಾಲೂ ಮಾಡ್ದ. ದೊಡ್ಡವ್ವ ತನ್ನ ಎಲೆ ಅಡಿಕೆ ಸಂಚಿ ದಾರಾನ ಆ ಗುಂಡಿ ಹಿಂದೆ ಎರಡು ಸುತ್ತು ಸುತ್ತಿ ನೇತು ಹಾಕಿದ್ಲು. ಒಂದು ಮೈಲಿ ಹೋದ್ಮೇಲೆ ಸಂಚಿ ಬಿಚ್ಕೊಂಡು ಎಲೆಗೆ ಸುಣ್ಣ ಹಚ್ಚಿದ್ಲು. ಗುಂಡಿ ಟಕ್ ಅಂತ ಒಳಗೆ ಹೋಯ್ತು.

ಅಷ್ಟೇರಿ! ಚೋಕಿನ ಹಿಡಿತ ಸವೆದಿತ್ತು. ಡ್ರೈವರ್ರು ಕೈ ಬಿಟ್ರೆ ತಾನೇ ಒಳಗೆ ಸರಿಯೋದು, ತಣ್ಣಗಿರೋ ಇಂಜಿನ್ನು ನಿಲ್ಲೋದು. ದೊಡ್ಡವ್ವ ಇದ್ರೆ ಸಂಚಿ ದಾರ ಅದನ್ನ ತಡೀತಿತ್ತು. ಇಂಜಿನ್ ಬಿಸಿ ಆಗೋ ಹೊತ್ತಿಗೆ ಸರಿಯಾಗಿ ದೊಡ್ಡವ್ವಂಗೆ ಎಲೆ ಚಪಲ. ಶಿವಮೊಗ್ಗದೋನು ಕಾರಿಂದು ಏನೇನೋ ಬಿಚ್ಚಿದ್ದ, ಸಂಚಿ ಒಂದು ಬಿಟ್ಟಿದ್ದ.

ಮೀಸೆ

ಸಂಜೆ ಒಂದು ತಗಡಿನ ಚೂರು ಕೂರಿಸಿ ಹಿಡಿತ ಬಿಗಿ ಮಾಡ್ದೆ. ಎಳದ್ರೆ ಗುಂಡಿ ಎಳೆದಲ್ಲೇ ನಿಂತ್ಕೊಂತು. ದೊಡ್ಡವ್ವ ಬಂದ್ಲು.

"ಸರಿಯಾಯ್ತೇನೋ?"

"ನಾನು ಮುಟ್ಟಿದ್ಮೇಲೆ ಆಗದೆ ಇರ್ತತೇನವ್ವ?"

"ಹಾಳು ಮಾಡ್ದೆ ಬಿಡು. ಸೊರಬದಾಗೆ ಮಗಳ ಮನೆ ಐತಿ. ಕಾರು ನಿಲ್ತತಿ ಅನ್ನೋ ಹೆದರಿಕೆಗೆ ನನ್ನ ಮಗ ಕರ್ಕೊಂಡು ಹೋಗ್ತಾನೆ, ನಾನು ಮೊಮ್ಮಕ್ಕಳ ಮುಖ ನೋಡ್ಕೊಂಡು ಬರ್ತೀನಿ. ಇನ್ನು ನನ್ನ ಯಾವನು ಕೂರಿಸ್ಕೊಂತಾನೋ?"

ಮೀಸೆನ ಒಂದ್ಸಲ ಚೆನ್ನಾಗಿ ತಿರುವಿದೆ. ಆಮೇಲೆ ಆ ತಗಡಿನ ಚೂರು ತಗದು ಜೇಬಿಗೆ ಹಾಕ್ಕೊಂಡೆ.

ಬೆಳಿಗ್ಗೆ ಕಾರು ಊರ ಬಾಗ್ಲಾಗೆ ಗೊರಗೊರ ಅಂದು ನಿಂತೋಯ್ತು. "ನೋಡಿದ್ಯಾ, ನಮ್ಮವ್ವನ ಕಾಲ್ಗುಣ!" ಅಂತ ಗೌಡ್ರು ಕುಣಿದಾಡಿ ಕ್ಷೌರದವನ್ನ ಕರೆಸಿದ್ರು. ನಾನು ಕೊಟ್ಟ ಮಾತಿಗೆ ತಪ್ಪೋನಲ್ಲ, ಮುಖ ಒಡ್ಡಿದೆ. ದೊಡ್ಡವ್ವ ಮುಂದಿನ ಸೀಟಿಗೆ ಹತ್ತಿ, ಸಂಚಿ ನೇತು ಹಾಕೋಕೆ ಮುಂಚೆ ನಂಗೊಂದು ಎಲೆ ಮಡಿಚಿ ಕೊಟ್ಲು. ಕೆಟ್ಟ ಕಾರು ಸರಿ ಮಾಡೋರು ಬೇಕಾದಷ್ಟು ಜನ ಅದಾರೆ. ಸರಿ ಮಾಡಿದ್ದನ್ನ ಇಷ್ಟು ನಾಜೂಕಾಗಿ ಕೆಡಿಸಿದೋನು ನಾನೊಬ್ನೇ.

ಎದೆ ಉಬ್ಬಿಸ್ಕೊಂಡು ಮನೆಗೆ ಬಂದು ಬಾಗ್ಲು ಬಡಿದೆ. ಹೆಂಡ್ತಿ ಅರ್ಧ ಬಾಗ್ಲು ತೆಗೆದ್ಲು. ನನ್ನ ಮುಖ ನೋಡಿದ್ಲು. ಸೆರಗು ಸರಿ ಮಾಡ್ಕೊಂಡು, "ಮೇಸ್ತ್ರಿ ಊರಾಗಿಲ್ರಿ, ಜಡೆಗೆ ಕಾರು ರಿಪೇರಿಗೆ ಹೋಗ್ಯಾರೆ. ನಾಳೆ ಬರ್ರಿ" ಅಂದು ಚಿಲಕ ಹಾಕ್ಕೊಂಡ್ಲು.