ಬಾವುಟದ ಬಿಸಿಲು ಸ್ನಾನ

ರಾಜಶೇಖರ ಇಸ್ತ್ರಿ ಮುಗಿಸಿ, ಅಡುಗೆಮನೆಗೆ ಹೋಗಿ ಕಾಫಿ ಬೆರೆಸಿಕೊಂಡು ಬರುವಷ್ಟರಲ್ಲಿ ಅವನ ಅತ್ತೆ ಭಾನುಮತಿ ಬೊಟ್ಸ್ವಾನಾ ದೇಶದ ರಾಷ್ಟ್ರಧ್ವಜದ ಮೂಲೆಗೆ ಅರಿಶಿನ ಹಚ್ಚಿಬಿಟ್ಟಿದ್ದರು.

"ಅತ್ತೆ! ಏನ್ ಮಾಡಿದ್ರಿ?"

"ಹೊಸ ಬಟ್ಟೆ ಅಲ್ವಾ ಅಳಿಯಂದ್ರೇ? ಅರಿಶಿನ ಮುಟ್ಟಿಸದೆ ಹಾಗೇ ಕೊಡಕ್ಕಾಗತ್ತಾ? ಆ ಹುಡುಗಿಗೆ ಒಳ್ಳೇದಾಗ್ಲಿ ಅಂತ."

ತಿಳಿನೀಲಿ ಬಟ್ಟೆಯ ಮೇಲೆ ಹುಣಸೆಬೀಜದಷ್ಟು ದೊಡ್ಡ ಹಳದಿ ಬೊಟ್ಟು. ಅತ್ತೆಯನ್ನು ಬೈಯುವಂತಿಲ್ಲ, ಬಿಡುವಂತಿಲ್ಲ.

ಆ ಹುಡುಗಿಯೆಂದರೆ ಲೊರಾಟೊ. ಸ್ವೀಡನ್ನಿನ ಸುಂಡ್‌ಬೀಬರ್ಯ್ ಊರಿನ ಇದೇ ಕಟ್ಟಡದ ಎದುರು ಮನೆಯವಳು, ಬೊಟ್ಸ್ವಾನಾ ರಾಯಭಾರ ಕಚೇರಿಯ ವ್ಯಾಪಾರ ವಿಭಾಗದಲ್ಲಿ ಹೊಸಬಳು. ಹೋದ ತಿಂಗಳು ಹಿಮದಲ್ಲಿ ಜಾರಿಬಿದ್ದ ಭಾನುಮತಿಯನ್ನು ಎತ್ತಿಕೊಂಡು ಬಂದವಳು ಅವಳೇ. ಈ ದಿನ ಮಧ್ಯಾಹ್ನ ಸ್ವೀಡನ್ನಿನ ಜತೆ ಗಣಿ ಯಂತ್ರಗಳ ಒಪ್ಪಂದಕ್ಕೆ ಸಹಿ. ಸಮಾರಂಭದ ಹೊಣೆ ಮೊದಲ ಬಾರಿಗೆ ಅವಳದು. ಇಸ್ತ್ರಿ ಪೆಟ್ಟಿಗೆ ಕೆಟ್ಟಿತೆಂದು ಬೆಳಗ್ಗೆ ಬಾವುಟ ತಂದವಳಿಗೆ ರಾಜಶೇಖರನೇ, "ನಾನೇ ಸಭಾಂಗಣಕ್ಕೆ ತಂದುಕೊಡ್ತೀನಿ, ನೀವು ನಿಶ್ಚಿಂತೆಯಿಂದ ಹೋಗಿ" ಎಂದಿದ್ದ.

ಶೋವ್ಡೆಯಲ್ಲಿ ಕಾರಿನ ಎಂಜಿನ್ ಕಾರ್ಖಾನೆಯಲ್ಲಿದ್ದ ಗೆಳೆಯ ಮಹಾಬಲೇಶ್ವರನಿಗೆ ಫೋನ್ ಮಾಡಿದ.

"ಸೋಪ್ ಹಾಕಿ ತಿಕ್ಕು ಮಾರಾಯ. ಎಂಜಿನ್ ಆಯಿಲ್ಲೇ ಹೋಗತ್ತೆ, ಅರಿಶಿನ ಹೋಗಲ್ವಾ?"

ತಿಕ್ಕಿದ. ಹಳದಿ ಬೊಟ್ಟು ಕೆಂಪಾಯಿತು.

"ನೋಡಿ, ಕುಂಕುಮಾನೂ ಬಂತು!" ಎಂದು ಭಾನುಮತಿ ಕೈಮುಗಿದರು.

ಆಮೇಲೆ ಉಮೆಯೊ ಊರಿನಲ್ಲಿ ರಸಾಯನಶಾಸ್ತ್ರದ ಸಂಶೋಧನೆ ಮಾಡುತ್ತಿದ್ದ ಪರಿಚಯದ ಹುಡುಗಿ ನವ್ಯಾಗೆ ಫೋನ್ ಮಾಡಿದರೆ, ಅವಳು ಫೋನಿನಲ್ಲೇ ಬಿದ್ದು ಬಿದ್ದು ನಕ್ಕಳು. "ಅಯ್ಯೋ ಅಣ್ಣಾ, ಅರಿಶಿನಕ್ಕೆ ಸೋಪ್ ಹಾಕ್ತಾರಾ? ನಿಂಬೆಹಣ್ಣು ಹಿಂಡಿ, ವಾಪಸ್ ಹಳದಿ ಆಗತ್ತೆ. ಆಮೇಲೆ ಬಿಸಿಲಿಗೆ ಹಾಕಿ, ತಾನಾಗೇ ಹೋಗತ್ತೆ."

"ಡಿಸೆಂಬರ್‌ನಲ್ಲಿ ಬಿಸಿಲು ಎಲ್ಲಿಂದ ತರ್ಲಿ ತಾಯೀ?"

"ದುಡ್ಡು ಕೊಟ್ರೆ ಸಿಗತ್ತಲ್ಲಾ. ಸೋಲಾರಿಯಮ್!"

ಅಷ್ಟು ಹೇಳುವಷ್ಟರಲ್ಲಿ ಅವನ ಮೊಬೈಲಿನ ಬ್ಯಾಟರಿ ಸತ್ತಿತು. ನಿಂಬೆ ಹಿಂಡಿ ಬೊಟ್ಟನ್ನು ಮತ್ತೆ ಹಳದಿ ಮಾಡಿಕೊಂಡು, ಬಾವುಟ ಮಡಚಿ ಹೊರಟ.

ಸೋಲಾರಿಯಮ್ ಎಂದರೆ ಚಳಿಗಾಲದಲ್ಲಿ ಬಿಳಿಚಿಕೊಂಡ ಜನ ದೀಪದ ಹಾಸಿಗೆಯಲ್ಲಿ ಮಲಗಿ ಮೈಬಣ್ಣ ಕಂದಿಸಿಕೊಳ್ಳುವ ಅಂಗಡಿ. ಒಳಬಂದ ಎಣ್ಣೆಗೆಂಪು ಬಣ್ಣದ ಗಿರಾಕಿಯನ್ನು ಅಲ್ಲಿನ ಹುಡುಗಿ ಅಡಿಯಿಂದ ಮುಡಿಯವರೆಗೆ ನೋಡಿದಳು.

"ನಿಮಗೆ ಇನ್ನೂ ಬೇಕಾ?"

"ನನಗಲ್ಲ, ಇದಕ್ಕೆ" ಎಂದು ರಾಜಶೇಖರ ಬಾವುಟ ತೋರಿಸಿದ.

ಅವಳು ಕಪ್ಪು ಕನ್ನಡಕವೊಂದನ್ನು ಕೊಟ್ಟಳು. ನಿಯಮ ನಿಯಮವೇ. ಬೊಟ್ಸ್ವಾನಾ ಹಾಸಿಗೆಯ ಮೇಲೆ ಮಲಗಿತು. ಪಕ್ಕದಲ್ಲಿ ಕನ್ನಡಕ ಹಾಕಿಕೊಂಡ ರಾಜಶೇಖರ, ಹೆರಿಗೆ ಕೋಣೆಯ ಹೊರಗಿನ ಗಂಡನಂತೆ ನಿಂತು ಬೆವರಿದ. ಬೊಟ್ಟು ಮಾಸಿತು, ಮಸುಕಾಯಿತು, ಕೊನೆಗೆ ಇಲ್ಲವೇ ಇಲ್ಲ!

ಗೆದ್ದ ಉಮೇದಿನಲ್ಲಿ ಮೆಟ್ರೊ ಹಿಡಿದು ಸಭಾಂಗಣಕ್ಕೆ ಓಡಿದ. ಮುಂದಿನ ಸಾಲಿನಲ್ಲಿ ರೇಷ್ಮೆ ಸೀರೆಯುಟ್ಟು ಹಿಮದ ಬೂಟು ಹಾಕಿಕೊಂಡ ಭಾನುಮತಿ ಕೂತಿದ್ದರು! ಅವನು ಹೊರಟ ಮೇಲೆ ಲೊರಾಟೊ ಮನೆಗೆ ಬಂದು ಅವರನ್ನೂ ಕರೆತಂದಿದ್ದಳು.

"ಬಂದ್ರಾ! ಫೋನ್ ಮಾಡಿ ಮಾಡಿ ಸಾಕಾಯ್ತು" ಎಂದು ಲೊರಾಟೊ ಬಾವುಟ ಬಿಡಿಸಿದಳು. ಒಂದು ಮೂಲೆ ನೋಡಿದಳು. ನಾಲ್ಕೂ ಮೂಲೆ ನೋಡಿದಳು. ತಿರುಗಿಸಿ ನೋಡಿದಳು. "ಅಮ್ಮ ಇಟ್ಟ ಆಶೀರ್ವಾದ ಎಲ್ಲಿ?"

"ಅ... ಅಂದ್ರೆ?"

"ಎಲ್ಲಾ ಅಮ್ಮ ಹೇಳಿದ್ರು. ನಮ್ಮ ರಾಯಭಾರಿಗೆ ತುಂಬಾ ಇಷ್ಟವಾಯ್ತು. ಆದರೆ ಒಂದು ದೇಶದ ಬಾವುಟಕ್ಕೆ ಇದ್ದು ಇನ್ನೊಂದಕ್ಕೆ ಇಲ್ಲ ಅಂದ್ರೆ ಶಿಷ್ಟಾಚಾರ ಕೆಡತ್ತೆ ಅಂದ್ರು ಇವರು."

ಇವರೆಂದರೆ ಸ್ವೀಡನ್ನಿನ ಶಿಷ್ಟಾಚಾರ ಅಧಿಕಾರಿ ಲೆನ್ನಾರ್ಟ್; ಕೈಯಲ್ಲಿ ಅಳತೆಪಟ್ಟಿ. ಅವರ ಹಿಂದೆ ಸ್ವೀಡನ್ನಿನ ಬಾವುಟ. ಅದರ ನೀಲಿ ಮೂಲೆಯಲ್ಲಿ ಭಾನುಮತಿಯ ಕೈಯ ಹೊಚ್ಚಹೊಸ ಅರಿಶಿನ.

"ನಮ್ಮದಕ್ಕಿದೆ, ನಿಮ್ಮದಕ್ಕಿಲ್ಲ" ಎಂದರು ಲೆನ್ನಾರ್ಟ್ ಗಂಭೀರವಾಗಿ. "ಹೀಗೆ ಸಹಿ ಆಗುವಂತಿಲ್ಲ."

ಲೊರಾಟೊಳ ಮುಖ ಬಾಡಿತು. ಭಾನುಮತಿ ಅಳಿಯನನ್ನೇ ನೋಡಿದರು.

"ಅಳಿಸಿಬಿಟ್ರಾ?"

"ತಪ್ಪಾಯ್ತು ಅತ್ತೆ."

ಅವರು ಕೈಚೀಲದಿಂದ ಅರಿಶಿನದ ಭರಣಿ ತೆಗೆದು ಅವನ ಕೈಗಿಟ್ಟರು. "ಈ ಸಲ ನೀವೇ ಇಡಿ. ಮನಸ್ಸಲ್ಲಿ ಆ ಹುಡುಗಿಗೆ ಒಳ್ಳೇದಾಗ್ಲಿ ಅಂದ್ಕೊಂಡು ಇಡಿ."

ರಾಜಶೇಖರ ಅಂದುಕೊಂಡ, ನಿಜವಾಗಿಯೂ ಅಂದುಕೊಂಡ. ಬೊಟ್ಟು ತುಸು ದೊಡ್ಡದಾಯಿತು. ಲೆನ್ನಾರ್ಟ್ ಅಳತೆಪಟ್ಟಿ ಹಿಡಿದರು.

"ಬೊಟ್ಸ್ವಾನಾದ್ದು ಹೆಚ್ಚು. ಸ್ವೀಡನ್ನಿಗೆ ಇನ್ನೂ ಸ್ವಲ್ಪ."

ಇಟ್ಟ. ಈಗ ಸ್ವೀಡನ್ನಿನದು ಹೆಚ್ಚಾಯಿತು. ಇತ್ತ ಹಚ್ಚಿದ, ಅತ್ತ ಹಚ್ಚಿದ. ಸಹಿ ಹಾಕಬೇಕಿದ್ದ ಇಬ್ಬರು ಮಂತ್ರಿಗಳು ಕಾಫಿ ಕುಡಿಯುತ್ತ ಕಾದರು. ಲೊರಾಟೊ ಬಾಯಿಗೆ ಕೈ ಅಡ್ಡ ಹಿಡಿದು ನಗು ತಡೆಯಲಾರದೆ ಭಾನುಮತಿಯ ಹೆಗಲಿಗೆ ಒರಗಿದಳು.

"ಸಾಕು ಬಿಡಿ ಅಳಿಯಂದ್ರೇ," ಎಂದರು ಭಾನುಮತಿ ಅವಳ ತಲೆ ನೇವರಿಸುತ್ತ, "ಹೀಗೇ ಹಚ್ತಾ ಹೋದ್ರೆ ಸಹಿ ಹಾಕೋ ಹೊತ್ತಿಗೆ ಎರಡೂ ಒಂದೇ ದೇಶ ಆಗಿರತ್ತೆ."