ಬಿಸಲು, ಮಳಿ, ಮತ್ತ ನನ್ನ ಕ್ಯಾಮೆರಾ

ನಾ ಒಂದೀಟು ಸುಮ್ಮನಿದ್ರೂ ನನ್ನ ಕ್ಯಾಮೆರಾ ಸುಮ್ಮನಿರಂಗಿಲ್ಲ, ವಾರಕ್ಕೊಂದು ಫಜೀತಿ ತಂದಿಡ್ತದ. ನಲವತ್ತು ವರ್ಷಾತು ರಾಯಚೂರಾಗ ಮದಿವಿ ಫೋಟೊ ಹೊಡ್ಯಾಕತ್ತು. ಈಗ ಮಗ ಕಡ್ಡಿ ಮುರದಂಗ ಹೇಳಿಬಿಟ್ಟಾನ: "ಯಪ್ಪಾ, ಇದೇ ಕಡೀ ಕ್ಯಾಮೆರಾ. ಇದು ಕೆಟ್ಟ ದಿನ ನೀ ಮನ್ಯಾಗ ಕೂಡಬೇಕು." ಮನ್ಯಾಗ ಕೂತ್ರ ಎರಡು ತಾಸಿನ್ಯಾಗ ನನಗ ಗೆದ್ದಲ ಹತ್ತತದ. ಅದಕ್ಕ ಬಿಸಲು, ಮಳಿ, ಎ.ಸಿ. ಮೂರೂ ನನಗ ವೈರಿ.

೧. ತೇಜಸ್ಸು

ಶ್ರಾವಣದಾಗ ದೇವದುರ್ಗದೊಳಗ ಒಬ್ಬ ಲೀಡರ್‌ನ ಕಾರ್ಯಕ್ರಮ. ಎ.ಸಿ. ಕಾರಿನ್ಯಾಗ ಹೋಗಿ ಕ್ಯಾಮೆರಾ ಬರಫಿನಂಗ ತಣ್ಣಗಾಗಿತ್ತು. ಹೊರಗ ಜಿಟಿಜಿಟಿ ಮಳಿ, ಮ್ಯಾಲೆ ಧಗಿ. ಇಳದ ಕೂಡ್ಲೆ ಲೆನ್ಸಿನ ಗಾಜು ಮಂಜಾತು. ಚೀಲದಾಗೇ ಅರ್ಧ ತಾಸು ಬಿಡಬೇಕಂತ ಗೊತ್ತದ, ಆದ್ರ ಕಾಯೂ ಜೀವ ನಂದಲ್ಲ. ಹೊಡದೇಬಿಟ್ನಿ. ಫೋಟೊದಾಗ ಲೀಡರ್ ಮಾರಿ ಸುತ್ತ ಬೆಳ್ಳನ ಹೊಗಿ. ಅಂಜಿಕೋತ ತೋರಿಸಿದ್ರ, "ಅಜ್ಜಾರ, ಎಂಥಾ ತೇಜಸ್ಸು ಬಂದದ" ಅಂದ. ಗಾಜಿಗೆ ಮಂಜು ಹಿಡದಿತ್ತಂತ ಖರೇ ಹೇಳಿದ್ನಿ. ಈಗ ಕರದಾಗೊಮ್ಮಿ ಮೊದಲ ಅದ ಕೇಳ್ತಾನ: "ಗಾಜಿಗೆ ಉಸರು ಊದ್ಕೊಂಡು ಬಂದೀರಿಲ್ಲೋ?"

೨. ಹಳೀ ಅಕ್ಕಿ

ಮಲ್ಲಟ ಅನ್ನೂ ಹಳ್ಳ್ಯಾಗ ಮದಿವಿ ಹೊತ್ತಿಗೆ ಮಳಿ ಹೊಡದು ಕ್ಯಾಮೆರಾದೊಳಗ ಪಸಿ ಹೋತು. ರಾಯಚೂರಿಗೆ ಬಂದವನೇ ಗೆಳೆಯನ ಅಕ್ಕಿ ಮಿಲ್ಲಿಗೆ ಓಡಿದ್ನಿ. "ಹಳೀ ಅಕ್ಕ್ಯಾಗ ಹುಗಿ, ಪಸಿ ಹೀರ್ತದ" ಅಂದ. ಬಾಯಿ ತಗದಿದ್ದ ಒಂದು ಚೀಲದಾಗ ಹುಗದು, ಚಾ ಕುಡದು ಬರೂದ್ರಾಗ ಆ ಚೀಲದ ಬಾಯಿ ಹೊಲದು ಲಾರಿಗೆ ಏರ್ಸಿ ಕಳಿಸಿಬಿಟ್ಟಿದ್ರು. ಬೈಕ್ ಮ್ಯಾಗ ಬೆನ್ನ ಹತ್ತಿ ಯರಗೇರಾದಾಗ ಲಾರಿ ತಡದ್ನಿ. ಐನೂರು ಚೀಲ ಬಿಚ್ಚಿದ್ನಿ. ಆತು, ಐವತ್ತು ಅನ್ಕೋರಿ. ಕ್ಯಾಮೆರಾ ಸಿಕ್ತು. ವಾಪಸ್ ಬಂದು ಹಮಾಲನ ಹಿಡದು, "ಎತ್ತುವಾಗ ತಿಳೀಲಿಲ್ಲೇನಲೇ?" ಅಂದ್ನಿ.

"ತಿಳೀತಲ್ರಿ ಯಪ್ಪಾ," ಅಂದ, "ತೂಕ ಹೆಚ್ಚ ಬಂತು. ಒಂದೂವರಿ ಕಿಲೊ ಅಕ್ಕಿ ತಗದು ಸರಿ ಮಾಡೀನಿ."

೩. ಐರಾಣಿ

ಮಾನ್ವಿಯೊಳಗ ಬ್ಯಾಸಗಿ ಮದಿವಿ. ಬಿಸಲು ಎಂಥಾದ್ದಂದ್ರ, ಹಂದರದ ಬಾಳಿಗೊನಿ ಮುಂಜಾನಿ ಹಸರಿದ್ದದ್ದು ಮಧ್ಯಾಹ್ನಕ್ಕ ಹಣ್ಣು. ಮುತ್ತೈದೇರು ಬಾಜಾ ಹಚ್ಚಿ ಕುಂಬಾರರ ಮನಿಗೆ ಐರಾಣಿ ಗಡಿಗಿ, ಅಂದ್ರ ಮದಿವ್ಯಾಗ ದೇವರ ಮುಂದಿಟ್ಟು ಪೂಜಿ ಮಾಡೂ ಗಡಿಗಿ, ತರಾಕ ಹೊಂಟ್ರು, ನಾನೂ ಹೋದ್ನಿ. ಕ್ಯಾಮೆರಾ ಕಾದು ಹಂಚಾಗಿತ್ತು. ಅಲ್ಲೊಂದು ಹೊಸ ಗಡಿಗಿ, ಮುಟ್ಟಿದ್ರ ತಣ್ಣಗ. ಟವಲ್ ಸುತ್ತಿ ಅದರಾಗಿಟ್ಟು, ಮುಚ್ಚಿ, ನೀರು ಕುಡ್ಯಾಕ ಹೋದ್ನಿ.

ಬರೂದ್ರಾಗ ಅದಕ್ಕ ಅರಿಷಿಣ ಕುಂಕುಮ ಹಚ್ಚಿ, ಆರತಿ ಮಾಡಿ, ಹೊತ್ತೊಯ್ದು ದೇವರ ಜಗಲಿಗೆ ಕುಂದ್ರಿಸಿದ್ರು.

ಮದುಮಗಳ ಅಜ್ಜಿ ಬಾಗಲಾಗ ಅಡ್ಡ ಕುಂತಿದ್ಲು. "ಐರಾಣಿ ಕದಲಂಗಿಲ್ಲ. ಮದಿವಿ ಮುಗೀಲಿ."

"ಯವ್ವಾ, ಅದರಾಗ ನನ್ನ ಜೀವ ಅದ."

"ಇರ್ಲಿ ಬಿಡು, ದೇವರ ಹಂತ್ಯಾಕ ಅದಲ್ಲ."

ಕೈಯಾಗ ಉಳದಿದ್ದು ಬರೇ ಫ್ಲ್ಯಾಶು. ತಾಳಿ ಕಟ್ಟೂ ಹೊತ್ತಿಗೆ ಅದನ್ನೇ ಚಕಚಕ ಹೊಡದ್ನಿ. ಮಂದಿ ಎಲ್ಲಾ ಹಲ್ಲು ಕಿರದು ನಿಂತ್ರು.

ಸಂಜಿಗೆ ಗಡಿಗಿ ಬಿಚ್ಚಿದ್ರು. ಕ್ಯಾಮೆರಾ ಚಾಲೂ ಆತು, ನನ್ನ ಜೀವಾನೂ ಬಂತು. ಮದುಮಕ್ಕಳಿಗೆ ಖರೇ ಹೇಳಿ, "ಫೋಟೊದ ಸಲುವಾಗಿ ಇನ್ನೊಮ್ಮಿ ತಾಳಿ ಕಟ್ರಿ" ಅಂತ ಕೈ ಮುಗದ್ನಿ.

ಮದುಮಗಳು ಗಂಡನ್ನ ಮ್ಯಾಗಿಂದ ಕೆಳಗ ನೋಡಿದ್ಲು. "ಇನ್ನೊಮ್ಮಿ ಅಂದ್ರ, ಇನ್ನೊಮ್ಮಿ ವಿಚಾರ ಮಾಡ್ಬೇಕಾಗ್ತದ ಅಜ್ಜಾ. ತಡೀರಿ."

ಅಷ್ಟೊತ್ತಿಗೆ ಮಗನ ಫೋನು. "ಯಪ್ಪಾ, ಈ ಬಿಸಲಿಗೆ ಕ್ಯಾಮೆರಾ ಹೋತೇನು?"

"ಅದು ತಣ್ಣಗದಪ," ಅಂದ್ನಿ. "ಮದುಮಗ ಬೆವರಾಕತ್ಯಾನ. ಫೋನ್ ಇಡು, ಆಕಿ ಇನ್ನೂ ವಿಚಾರ ಮಾಡಾಕತ್ತಾಳ."