ವಿಲಿಕೇಸನ ಗಾಡಿ ಪಾಸಾಯಿತು

ವಿಲಿಕೇಸನ ಗಾಡಿಗೆ ಗಂಡಾಂತರ ಬಂದದ್ದು ಪಕ್ಕದ ಮನೆಯ ಓಸಿಯಾನ ಹೆಬ್ಬೆರಳಿನಿಂದ. ಶುಕ್ರವಾರ ಬೆಳಿಗ್ಗೆ ಬೇಯಿಸಿದ ಮರಗೆಣಸು ಮೆಲ್ಲುತ್ತ ಬಂದ ಆ ಮಹಾರಾಯ ಗಾಡಿಯ ಕೆಳಗೆ ಬಗ್ಗಿ ನೋಡಿದ. ಗಾಡಿಯ ಭಾರವನ್ನೆಲ್ಲ ಹೊರುವ ಚಾಸಿಯ ಬಲಗಡೆ ಪಟ್ಟಿಯನ್ನು ಹೆಬ್ಬೆರಳಿನಿಂದ ಸುಮ್ಮನೆ ಒತ್ತಿದ. ಬೆರಳು ಒಳಗೆ ಹೋಯಿತು.

"ಭಾವ, ಇದು ಕಬ್ಬಿಣ ಅಲ್ಲ ಕಣೋ, ಬಿಸ್ಕತ್ತು!"

"ಬೆರಳು ತೆಗಿಯೋ ಮೊದಲು!"

"ತೆಗೆದ್ರೆ ಗಾಡಿ ಕುಸಿದುಬಿದ್ದೀತು ಅಂತ ಹಿಡ್ಕೊಂಡಿದೀನಿ."

ತಪ್ಪು ಗಾಡಿಯದಲ್ಲ. ಆರು ವರ್ಷ ಊರಿನ ಜನ, ಹಂದಿ, ತೆಂಗಿನಕಾಯಿ, ಉಪ್ಪುನೀರು ಸೋರುವ ಮೀನಿನ ಪೆಟ್ಟಿಗೆ ಎಲ್ಲವನ್ನೂ ಹೊತ್ತಿತ್ತು. ಅವತ್ತೇ ಮಧ್ಯಾಹ್ನ ಮೂರಕ್ಕೆ ಪೇಟೆಯಲ್ಲಿ ವರ್ಷದ ತಪಾಸಣೆ. ಪಾಸಾಗದಿದ್ದರೆ ಗಾಡಿ ರಸ್ತೆಗೆ ಇಳಿಯುವಂತಿಲ್ಲ. ಇಳಿಯದಿದ್ದರೆ ಸೋಮವಾರ ವಸೀತಿ ಆಸ್ಪತ್ರೆಗೆ ಹೋಗುವಂತಿಲ್ಲ.

ವಸೀತಿ ವಿಲಿಕೇಸನ ಹೆಂಡತಿ. ಹೋದ ವರ್ಷ ಗಾಡಿ ಕೆಟ್ಟು ಎರಡು ವಾರ ನಿಂತಾಗ ಅವಳ ಎಡಗಾಲಿನ ಹುಣ್ಣಿಗೆ ಡ್ರೆಸ್ಸಿಂಗ್ ತಪ್ಪಿತ್ತು. ಸಕ್ಕರೆ ಕಾಯಿಲೆಯ ಹುಣ್ಣು ಕಾಯುತ್ತ ಕೂರುವುದಿಲ್ಲ. ಮೊಣಕಾಲಿನವರೆಗೆ ಕಾಲು ಹೋಯಿತು. ಈಗ ಬಲಗಾಲಿನ ಹಿಮ್ಮಡಿಯಲ್ಲೂ ಹುಣ್ಣು ಎದ್ದಿತ್ತು. ಬಸ್ಸು ಸಿಗುವ ಕವಲುದಾರಿ ಊರಿಂದ ಹನ್ನೆರಡು ಕಿಲೋಮೀಟರ್, ಊರಲ್ಲಿ ಬೇರೆ ಗಾಡಿ ಇಲ್ಲ.

"ಏನ್ರೀ ಅದು ಗಲಾಟೆ?" ಎಂದು ವಸೀತಿ ಬಾಗಿಲಿನಿಂದ ಕೂಗಿದಳು.

"ಏನಿಲ್ಲ ಕಣೆ, ಓಸಿಯಾ ತಿಂಡಿ ತಿಂತಿದಾನೆ," ಎಂದ ವಿಲಿಕೇಸ.

ಗಾಡಿಯನ್ನು ಬಸುರಿಯನ್ನು ನಡೆಸಿದ ಹಾಗೆ ಮೆಲ್ಲಗೆ ನಡೆಸಿಕೊಂಡು ಹೊಳೆಬದಿಯ ಬಿಸುನ್ ದತ್ತನ ಶೆಡ್ಡಿಗೆ ತಂದ. ಕರೆಯದಿದ್ದರೂ ಓಸಿಯಾ ಹಿಂದೆ ಹತ್ತಿ ಕೂತಿದ್ದ. ವೆಲ್ಡಿಂಗ್ ಕೆಲಸದಲ್ಲಿ ಬಿಸುನ್ ಮಿಸ್ತ್ರಿಯನ್ನು ಮೀರಿಸುವವರು ಆ ದ್ವೀಪದಲ್ಲಿರಲಿಲ್ಲ. ಆತ ಸುತ್ತಿಗೆಯಿಂದ ಎರಡು ಸಲ ಬಡಿದ. ಒಂದು ಬೊಗಸೆ ತುಕ್ಕು ಉದುರಿತು.

"ತೇಪೆ ಹಾಕಿಬಿಡು ಮಿಸ್ತ್ರಿ, ಸಾಕು," ಎಂದ ವಿಲಿಕೇಸ.

"ತೇಪೆ ಹಾಕಕ್ಕೆ ಬಟ್ಟೆ ಇರಬೇಕಲ್ಲ ಮಾರಾಯ? ಇಲ್ಲಿರೋದು ಬರೀ ತೂತು. ಎರಡೂವರೆ ಅಡಿ ಕತ್ತರಿಸಿ ಬಿಸಾಕಬೇಕು. ಮುರಿದ ಕಬ್ಬಿನ ಲಾರೀದು ಒಂದು ಪಟ್ಟಿ ಇದೆ, ಅದನ್ನ ಕೂರಿಸ್ತೀನಿ. ನಿನಗಿಂತ ಹೆಚ್ಚು ದಿನ ಬಾಳುತ್ತೆ."

ಬ್ಯಾಟರಿಯ ವೈರು ಬಿಚ್ಚಿದರು. ಜಾಕುಗಳ ಮೇಲೆ ತೆಂಗಿನ ದಿಮ್ಮಿ ಕೊಟ್ಟು ಗಾಡಿಯನ್ನು ಎತ್ತಿ ನಿಲ್ಲಿಸಿದರು. ಬಿಸುನ್ ಸೀಮೆಸುಣ್ಣದಿಂದ ಓರೆಗೆರೆ ಎಳೆದ.

"ನೇರ ಕತ್ತರಿಸೋದಲ್ವಾ ಮಿಸ್ತ್ರಿ? ಸೊಟ್ಟ ಯಾಕೆ?" ಎಂದು ಓಸಿಯಾ ಮೂಗು ತೂರಿಸಿದ.

"ನೇರ ಕತ್ತರಿಸಿದ್ರೆ ಮೊದಲನೇ ಗುಂಡೀಲೇ ಅಲ್ಲೇ ಮುರಿಯುತ್ತೆ. ಓರೆಯಾದ್ರೆ ಭಾರ ಹಂಚಿಕೊಳ್ಳುತ್ತೆ. ನೀನು ಆ ಕಡೆ ಹೋಗಿ ಕೂತ್ಕೋ."

ಓಸಿಯಾ ಹೇಳಿದಂತೆಯೇ ಹೋಗಿ ಕೂತ. ಕೂತದ್ದು ಗಾಡಿಯ ಮುಂದಿನ ಬಂಪರಿನ ಮೇಲೆ. ನೂರಾ ಇಪ್ಪತ್ತು ಕಿಲೋ ಆಳು, ಬೀಡಿ ಹಚ್ಚಿ ಆರಾಮಾಗಿ ಒರಗಿದ. ಮುಖವಾಡ ಹಾಕಿಕೊಂಡು ಕಿಡಿ ಹಾರಿಸುತ್ತಿದ್ದ ಬಿಸುನ್‌ಗೆ ಇದು ಕಾಣಲಿಲ್ಲ. ಪಟ್ಟಿಯ ಎರಡೂ ಕೊನೆ ಬೆಸೆದು ಮುಗಿಸಿ ನೋಡಿದರೆ ಗಾಡಿಯ ಬಾಗಿಲೇ ಮುಚ್ಚುತ್ತಿಲ್ಲ. ಚಾಸಿ ಒಂದು ಬೆರಳು ಬಗ್ಗಿ ಕೂತಿತ್ತು.

"ಯಾವನೋ ಅವನು ಮೇಲೆ ಕೂತಿದ್ದು!"

"ನೀವೇ ಕೂರು ಅಂದ್ರಲ್ಲ," ಎಂದ ಓಸಿಯಾ.

ಮತ್ತೆ ಕತ್ತರಿಸಿ, ದಾರ ಹಿಡಿದು ಅಳತೆ ನೋಡಿ, ಮತ್ತೆ ಬೆಸೆಯಬೇಕಾಯಿತು. ಈ ಸಲ ದೀಪ ಹಿಡಿದು ಬಗ್ಗಿ ನಿಂತಿದ್ದ ವಿಲಿಕೇಸನ ಸುತ್ತುಪಂಚೆಗೆ ಕಿಡಿ ಹಾರಿತು. ಹೊಳೆಗೆ ಹಾರಿ ಮಾನ ಉಳಿಸಿಕೊಂಡ, ಪಂಚೆ ಉಳಿಯಲಿಲ್ಲ. ಬಿಸುನ್ ತನ್ನ ಪ್ಯಾಂಟು ಕೊಟ್ಟ. ಅದು ವಿಲಿಕೇಸನ ಮೊಣಕಾಲಿಗಿಂತ ನಾಲ್ಕು ಬೆರಳು ಕೆಳಗೆ ಬಂದು ನಿಂತಿತು. ಎರಡು ಗಂಟೆಗೆ ಒಳಗಡೆಯಿಂದ ಗಟ್ಟಿಯಾಗಲೆಂದು ಒಂದು ತಗಡು ಕೊಟ್ಟು, ಕಪ್ಪು ಬಣ್ಣ ಬಳಿದು ಮುಗಿಸಿದಾಗ ಬೆಸುಗೆ ಎಲ್ಲಿದೆ ಎಂದು ಹುಡುಕಬೇಕು, ಅಷ್ಟು ಚೆಂದ. ಕತ್ತರಿಸಿ ಬಿಸಾಡಿದ ಹಳೇ ತುಂಡನ್ನು ಓಸಿಯಾ ಹೆಗಲ ಮೇಲೆ ಹೊತ್ತು, "ಇದು ನನ್ನ ದೋಣಿಗೆ ಲಂಗರಾಗುತ್ತೆ, ಬರ್ಲಾ ಭಾವ?" ಎಂದು ಮೀನಿಗೆ ಹೊರಟುಹೋದ. ಪೀಡೆ ತೊಲಗಿತು ಎಂದು ವಿಲಿಕೇಸ ನಿಟ್ಟುಸಿರು ಬಿಟ್ಟ.

ಪೇಟೆಯಲ್ಲಿ ತಪಾಸಣೆಯ ಅಧಿಕಾರಿ ಕಲಿವಾತಿ ಗಾಡಿಯ ಕೆಳಗಿನ ತಪಾಸಣೆ ಗುಂಡಿಗೆ ಇಳಿದು ಟಾರ್ಚು ಬಿಟ್ಟ. ಬೆಸುಗೆಯ ಮೇಲೆ ಸುತ್ತಿಗೆ ಬಡಿದ. ಟಣ್ ಎಂದಿತು.

"ಕೆಲಸ ಒಂದನೇ ನಂಬರ್ ಕಣಯ್ಯಾ."

ವಿಲಿಕೇಸನ ಕಣ್ಣು ತುಂಬಿ ಬಂತು.

"ಆದ್ರೆ ಗಾಡಿ ನಂಬರ್ ಎಲ್ಲಿ?"

"ಯಾವ ನಂಬರ್ ಸಾರ್?"

"ಚಾಸಿ ನಂಬರ್. ಬಲಗಡೆ ಪಟ್ಟಿ ಮೇಲೆ ಕೊರೆದಿರುತ್ತೆ. ಅದಿಲ್ಲದೆ ಇದು ಯಾರ ಗಾಡಿ, ಯಾವ ಗಾಡಿ ಅಂತ ನಾನು ಹೆಂಗೆ ಬರೀಲಿ?"

ಅಟ್ಟ ಮೇಲೆ ಒಲೆ ಉರಿಯಿತು. ನಂಬರಿದ್ದದ್ದು ಕತ್ತರಿಸಿ ಬಿಸಾಡಿದ ತುಂಡಿನ ಮೇಲೆ. ವಿಲಿಕೇಸ ಓಸಿಯಾನಿಗೆ ಫೋನು ಮಾಡಿದ.

"ಭಾವ! ಎಂಥಾ ಲಂಗರು ಅಂತೀಯಾ! ದೋಣಿ ಒಂದಿಂಚು ಅಲುಗಲಿಲ್ಲ," ಎಂದ ಓಸಿಯಾ.

"ಈಗ್ಲೇ ಮೇಲೆತ್ತೋ ಅದನ್ನ!"

"ಎತ್ತೋಕೆ ಹೋದೆ, ಹಗ್ಗ ಹರಿದುಹೋಯ್ತು. ಇಲ್ಲಿ ಭಾರಿ ಆಳ."

ಕಲಿವಾತಿ ಪುಸ್ತಕ ಮುಚ್ಚಿದ. "ರಾಜಧಾನಿ ಸುವಾಗೆ ಅರ್ಜಿ ಹಾಕು. ಅಪ್ಪಣೆ ಬಂದ ಮೇಲೆ ಹೊಸ ನಂಬರ್ ಹೊಡೀತೀವಿ. ಮೂರು ತಿಂಗಳು."

"ಮೂರು ತಿಂಗಳಿಗೆ ನನ್ನ ಹೆಂಡತಿಗೆ ಇರೋ ಒಂದು ಕಾಲೂ ಉಳಿಯಲ್ಲ ಸಾರ್." ವಿಲಿಕೇಸ ಅಲ್ಲೇ ನೆಲದ ಮೇಲೆ ಕೂತು ಅತ್ತ. ಕೇಳುವವರಿಲ್ಲದ ಅಳು ಅದು. ಸುತ್ತಲಿದ್ದ ಡ್ರೈವರುಗಳು ಅವನ ತುಂಡು ಪ್ಯಾಂಟನ್ನು ನೋಡುತ್ತಿದ್ದರು.

ಕಲಿವಾತಿಗೆ ಕರುಳು ಚುರುಕ್ಕೆಂದಿತೋ ಏನೋ. "ಯಾವೂರು ನಿಂದು?" ಎಂದ.

"ನಸೌತೋಕಾ."

"ಏಯ್! ನಾನು ಮತೈವೂಯಾದವನು. ನಾವು ತೌವು ಅಲ್ವೇನೋ!"

ವಿಲಿಕೇಸ ಚಂಗನೆ ಎದ್ದ. ಎರಡು ಊರಿಗೂ ಹಿಂದೊಮ್ಮೆ ಒಬ್ಬನೇ ಮೂಲದೇವರು ಇದ್ದರೆ ಆ ಊರವರು ಪರಸ್ಪರ ತೌವು. ಒಬ್ಬರನ್ನೊಬ್ಬರು ಬಾಯಿಗೆ ಬಂದಂತೆ ಬೈಯಬಹುದು, ಕೇಳದೆ ಹಂದಿ ಕಡಿದು ತಿನ್ನಬಹುದು, ತೋಟದ ಗೆಣಸು ಕಿತ್ತುಕೊಂಡು ಹೋಗಬಹುದು. ಮುಖ ಸಿಂಡರಿಸಿದರೆ ಊರಿಗೇ ಅವಮಾನ. ನಗಬೇಕು, ಅಷ್ಟೇ.

"ಬೆಪ್ಪು ತೌವು, ಮೊದಲೇ ಹೇಳಬಾರದಾ?" ಎಂದು ಕಲಿವಾತಿ ಬೆನ್ನಿಗೆ ಗುದ್ದಿದ. ದಾಖಲೆಯಲ್ಲಿದ್ದ ಹಳೇ ನಂಬರನ್ನು ನೋಡಿಕೊಂಡು, ಅಂಕಿಯ ಅಚ್ಚುಗಳನ್ನು ತಂದು, ಹೊಸ ಪಟ್ಟಿಯ ಮೇಲೆ ಒಂದೊಂದಾಗಿ ಹೊಡೆದ. ಸರ್ಟಿಫಿಕೇಟಿಗೆ ಸಹಿ ಬಿತ್ತು. ವಿಲಿಕೇಸ ಅವನ ಎರಡೂ ಕೈ ಹಿಡಿದುಕೊಂಡ. ವಸೀತಿಯ ಕಾಲು ಉಳಿಯಿತು.

ಕಲಿವಾತಿ ಗಾಡಿಯ ಸುತ್ತ ಒಂದು ಸುತ್ತು ಹಾಕಿದ. ಬಾಗಿಲು ತೆಗೆದು ಮುಚ್ಚಿದ. ಚಾಸಿಯನ್ನು ಇನ್ನೊಮ್ಮೆ ತಟ್ಟಿದ.

"ಗಟ್ಟಿಮುಟ್ಟಾಗಿದೆ. ನನ್ನ ಅಳಿಯ ಒಂದು ಗಾಡಿ ಹುಡುಕ್ತಿದ್ದ. ತಗೊಂಡೆ ತೌವು," ಎಂದು ಕೀಲಿಗೆ ಕೈ ಚಾಚಿದ.

ಡ್ರೈವರುಗಳೆಲ್ಲ ಘೊಳ್ಳೆಂದು ನಕ್ಕರು. ವಿಲಿಕೇಸನೂ ನಗಬೇಕಾಯಿತು. ನಗುತ್ತಲೇ, "ಸೋಮವಾರ ಆಸ್ಪತ್ರೆ ಇತ್ತಲ್ಲ..." ಎಂದ.

"ಏಯ್, ನೀನೇನು ಬರಿಗೈಲಿ ಹೋಗಬೇಡ ಕಣೋ. ನನ್ನ ಮನೆಯಿಂದ ಏನು ಬೇಕಾದ್ರೂ ಎತ್ಕೊಂಡು ಹೋಗು!"

ಕಲಿವಾತಿ ಇದ್ದದ್ದು ಸರ್ಕಾರಿ ಕ್ವಾರ್ಟರ್ಸಿನಲ್ಲಿ. ಮಂಚ ಸರ್ಕಾರದ್ದು, ಫ್ಯಾನು ಸರ್ಕಾರದ್ದು, ಕುರ್ಚಿಯ ಬೆನ್ನಿಗೂ ಸರ್ಕಾರಿ ನಂಬರು. ಅವನದೇ ಅಂತ ಇದ್ದದ್ದು ಒಂದು ಹುಂಜ.

ಕವಲುದಾರಿಯಲ್ಲಿ ಬಸ್ಸಿಳಿದು, ಹನ್ನೆರಡು ಕಿಲೋಮೀಟರ್ ನಡೆದು, ವಿಲಿಕೇಸ ಕತ್ತಲಾದ ಮೇಲೆ ಮನೆ ಮುಟ್ಟಿದ. ವಸೀತಿ ಹೊಸ್ತಿಲ ಮೇಲೆ ಕಟ್ಟು ಹಾಕಿದ ಕಾಲು ಚಾಚಿ ಕಾಯುತ್ತಿದ್ದಳು.

"ಪಾಸಾಯ್ತಾ?"

"ಪಾಸಾಯ್ತು. ಕೆಲಸ ಒಂದನೇ ನಂಬರ್ ಅಂದ್ರು."

"ಎಲ್ಲಿ ಗಾಡಿ?"

ವಿಲಿಕೇಸ ಎಲ್ಲ ಹೇಳಿದ. ತೌವು ಎಂದಾಗ ಪದ್ಧತಿಯಂತೆ ನಗಲು ನೋಡಿದ, ಆಗಲಿಲ್ಲ. ವಸೀತಿ ಅವನ ಕಂಕುಳಲ್ಲಿದ್ದ ಹುಂಜವನ್ನು ಬಹಳ ಹೊತ್ತು ನೋಡಿದಳು.

"ಸೋಮವಾರ ನಾನು ಇದರ ಮೇಲೆ ಕೂತು ಹೋಗ್ಲೇನ್ರೀ?" ಎಂದಳು.